ಚೀಲದ ಲೆಕ್ಕ ಬಿಡಿಸಿ, ಹಗ್ಗದ ಲೆಕ್ಕ ಕಲಿಸಿ: ಗೋವಿನಜೋಳ–ಅಲಸಂದಿ ಹೊಲಪಾಠಕ್ಕೊಂದು ಮಾರ್ಗದರ್ಶಿ

ಹಾವೇರಿ ಕಡೆ ಯಾವ ಊರಿನಲ್ಲಾದರೂ ಗೊಂಜಾಳ (ಗೋವಿನಜೋಳ, ಅಂದರೆ ಮೆಕ್ಕೆಜೋಳ) ಎಷ್ಟು ಬಂತೆಂದು ಕೇಳಿ, ಉತ್ತರ ಚೀಲದಲ್ಲೇ ಬರುತ್ತದೆ: "ಎಕರೆಕ ಇಪ್ಪತ್ತೈದ ಚೀಲ ಬಂತ್ರಿ." ಚೀಲದಲ್ಲಿದ್ದದ್ದು ಐವತ್ತು ಕೆಜಿಯೋ ಅರವತ್ತೋ, ಕಾಳು ಹಸಿಯೋ ಒಣಗಿದ್ದೋ, ಎಕರೆ ಅಂದದ್ದು ಪಹಣಿಯ ಎಕರೆಯೋ ಬಿತ್ತಿದ ಎಕರೆಯೋ, ಇದಾವುದೂ ಗೊತ್ತಿರುವುದಿಲ್ಲ. ಮೂರರಲ್ಲೂ ಒಂದಿಷ್ಟು ಆಚೀಚೆಯಾದರೆ ಲೆಕ್ಕ ಐದಾರು ಕ್ವಿಂಟಲ್ ತಪ್ಪುತ್ತದೆ. ಆಮೇಲೆ ಹೊಸ ತಳಿಯಿಂದ ಲಾಭವಾಯಿತೋ, ಅಕ್ಕಡಿ ಸಾಲಿನಿಂದ (ಮುಖ್ಯ ಬೆಳೆಯ ನಡುವೆ ಬಿತ್ತುವ ಇನ್ನೊಂದು ಬೆಳೆಯಿಂದ) ಆಯಿತೋ, ಬರೀ ಮಳೆ ಚೆನ್ನಾಗಿ ಬಿದ್ದದ್ದಕ್ಕೋ ಎಂದು ಎಷ್ಟು ವಾದ ಮಾಡಿದರೂ ತೀರುವುದಿಲ್ಲ.

ಇದು ಸಣ್ಣ ಹಿಡುವಳಿಯ ರೈತರಿಗೆ ತರಬೇತಿ ನಡೆಸುವವರಿಗಾಗಿ: ಕೃಷಿ ಸಖಿಯರು, ರೈತ ಉತ್ಪಾದಕ ಕಂಪನಿಯವರು, ಸ್ವಸಹಾಯ ಸಂಘದ ಮುಂದಾಳುಗಳು. ಬೆಳೆಯುವುದನ್ನು ನಮ್ಮ ರೈತರಿಗೆ ಕಲಿಸಬೇಕಾದದ್ದು ಕಡಿಮೆ. ಅಳೆಯುವುದನ್ನು ಕಲಿಸಬೇಕು. ಅಳೆಯುವ ನೆಪದಲ್ಲೇ ಬೆಳೆಯುವುದರ ತಪ್ಪುಗಳೂ ಹೊರಬೀಳುತ್ತವೆ.

ಯಾವ ದಿನ, ಯಾರು

ತಂಡದಲ್ಲಿ 20–25 ಜನರಿಗಿಂತ ಹೆಚ್ಚು ಬೇಡ; ಹಿಂದೆ ನಿಂತವರಿಗೆ ತಕ್ಕಡಿಯ ಅಂಕಿ ಕಾಣುವುದಿಲ್ಲ. ಕೂಡುವ ದಿನ ಸೋಮವಾರ ಇಟ್ಟುಕೊಳ್ಳಿ. ಅಂದು ಎತ್ತು ಹೂಡುವುದಿಲ್ಲವಾದ್ದರಿಂದ ಗಂಡಸರು ಸಿಗುತ್ತಾರೆ. ಆದರೆ ಕಳೆ ತೆಗೆಯುವವರು, ಕಾಯಿ ಬಿಡಿಸುವವರು, ತೆನೆ ಮುರಿಯುವವರು ಹೆಂಗಸರು. ಅವರಿಗೆ ಸೋಮವಾರವೂ ಕೂಲಿಯ ದಿನವೇ. ಬೆಳಿಗ್ಗೆ ಎಂಟಕ್ಕೆ ಹೊಲದಲ್ಲೇ ಕೂಡಿ ಹತ್ತರೊಳಗೆ ಬಿಟ್ಟರೆ ಇಬ್ಬರೂ ಬರುತ್ತಾರೆ. ಸಂತೆಯ ದಿನ ಮಾತ್ರ ಇಡಬೇಡಿ.

ಹಂಗಾಮಿಗೆ ಏಳು ಸಲ ಕೂಡಿದರೆ ಸಾಕು, ತಾರೀಖು ಮೊದಲೇ ಗೊತ್ತುಮಾಡಬೇಡಿ. ಬೀಜ ಪರೀಕ್ಷೆ, ಬಿತ್ತನೆ, ಬಿತ್ತಿದ ಹನ್ನೆರಡನೇ ದಿನ, ಮೂವತ್ತನೇ ದಿನ, ಸೂಲಂಗಿ (ಗಿಡದ ತುದಿಯ ಗಂಡು ಹೂ) ಒಡೆಯುವಾಗ, ಅಲಸಂದಿ ಬಿಡಿಸುವಾಗ, ತೆನೆ ಮುರಿಯುವಾಗ. ಮಳೆ ಹಿಂದೆ ಮುಂದೆ ಆದರೆ ಪಾಠವೂ ಹಿಂದೆ ಮುಂದೆ ಆಗಲಿ.

ಸಾಮಾನು ಇಷ್ಟು: 30 ಮೀಟರ್ ಟೇಪು, ನೈಲಾನ್ ಹಗ್ಗ, ನಾಲ್ಕು ಗೂಟ, ನೇತು ಹಾಕುವ 50 ಕೆಜಿಯ ಡಿಜಿಟಲ್ ತಕ್ಕಡಿ, ಗ್ರಾಂ ತೋರಿಸುವ ಸಣ್ಣ ತಕ್ಕಡಿ, ತಾಡಪತ್ರಿ, ರೂಲು ಹಾಕಿದ ವಹಿ. ತಕ್ಕಡಿಯನ್ನು ಪ್ರತಿ ಸಲವೂ ಒಡೆಯದ ಒಂದು ಕೆಜಿ ಸಕ್ಕರೆ ಪ್ಯಾಕೆಟ್ ತೂಗಿ ಪರೀಕ್ಷಿಸಿ. ಬ್ಯಾಟರಿ ಇಳಿದ ತಕ್ಕಡಿ ಬಂದ್ ಆಗುವ ಮೊದಲು ತಪ್ಪು ಅಂಕಿ ತೋರಿಸುತ್ತದೆ.

ಹೊಲ ಅಳೆಯುವುದು

ಕೂಡಿದ ಮೊದಲ ದಿನ ಹೊಲ ಅಳೆದು ಮುಗಿಯುವವರೆಗೆ ಬೀಜದ ಮಾತೇ ಬೇಡ. ನೈಲಾನ್ ಹಗ್ಗಕ್ಕೆ 33 ಅಡಿಗೆ ಒಂದು ಗಂಟು ಹಾಕಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, ಅಂದರೆ 101 ಚದರ ಮೀಟರ್. ಅಂಥ ನಲವತ್ತಕ್ಕೆ ಒಂದು ಎಕರೆ, 4047 ಚದರ ಮೀಟರ್. ಒಂದು ಗುಂಟೆಯನ್ನು ನೆಲದ ಮೇಲೆ ಗೂಟ ಹೊಡೆದು ತೋರಿಸಿ. ಜನ ಅದರೊಳಗೆ ನಿಂತು ನೋಡಲಿ. ವರ್ಷಗಟ್ಟಲೆ ಗುಂಟೆಯ ಮಾತಾಡಿದವರಲ್ಲೂ ಅರ್ಧ ಜನ "ಇಷ್ಟೇನಾ" ಅನ್ನುತ್ತಾರೆ.

ಮೂಲೆ ಚೌಕವಿದೆಯೇ ನೋಡಲು ಮೂರು-ನಾಲ್ಕು-ಐದರ ಲೆಕ್ಕ ಕಲಿಸಿ. ಒಂದು ಬದಿಗೆ 3 ಮೀಟರ್, ಇನ್ನೊಂದು ಬದಿಗೆ 4 ಮೀಟರ್ ಗುರುತು ಮಾಡಿದರೆ ಎರಡು ಗುರುತಿನ ನಡುವೆ ಸರಿಯಾಗಿ 5 ಮೀಟರ್ ಬರಬೇಕು. ಮನೆ ಪಾಯ ಹಾಕುವ ಗೌಂಡಿಗಳಿಗೆ ಇದು ಗೊತ್ತು. ಊರಲ್ಲಿ ಒಬ್ಬ ಗೌಂಡಿ ಇದ್ದರೆ ಈ ಪಾಠ ಅವರಿಂದಲೇ ಮಾಡಿಸಿ. ಸೊಟ್ಟ ಹೊಲವನ್ನು ತ್ರಿಕೋನಗಳಾಗಿ ಒಡೆದು, ಒಂದೊಂದರ ತಳ ಮತ್ತು ಎತ್ತರ ಗುಣಿಸಿ ಅರ್ಧ ಮಾಡಿ ಕೂಡಿಸಿ.

ಮೊಬೈಲಿನಲ್ಲಿ ಹೊಲದ ಸುತ್ತ ನಡೆದು ಅಳೆಯುವ ಆ್ಯಪ್‌ಗಳಿವೆ. ಎರಡು ಮೂರು ಎಕರೆಗೆ ನಡೆಯುತ್ತದೆ. ಐದು ಗುಂಟೆಯ ಪ್ರಾತ್ಯಕ್ಷಿಕೆ ತಾಕಿಗೆ (ತೋರಿಸಿಕೊಡಲು ಬೆಳೆಯುವ ಸಣ್ಣ ತುಂಡು ಹೊಲಕ್ಕೆ) ಬೇಡ, ಫೋನು ಕೆಲವು ಮೀಟರ್ ಆಚೀಚೆ ತೋರಿಸಿದರೂ ಅಷ್ಟು ಸಣ್ಣ ತಾಕಿನಲ್ಲಿ ಅದು ದೊಡ್ಡ ತಪ್ಪು. ಅಳೆಯುವಾಗ ಬದು, ಹಾದಿ, ಬೇವಿನ ಗಿಡದ ನೆರಳಲ್ಲಿ ಬಿತ್ತದೆ ಬಿಟ್ಟ ಜಾಗ ಕಳೆಯಿರಿ. ಪಹಣಿಯಲ್ಲಿ ಎರಡು ಎಕರೆ ಇದ್ದದ್ದು ಬಿತ್ತಿದ ಲೆಕ್ಕದಲ್ಲಿ ಒಂದು ಎಕರೆ ಮೂವತ್ತನಾಲ್ಕು ಗುಂಟೆ ಆದರೆ ಅಚ್ಚರಿಪಡಬೇಡಿ.

ಮೂರು ತಾಕು

ಒಬ್ಬರ ಹೊಲದಲ್ಲಿ, ಒಂದೇ ನಮೂನೆಯ ಮಣ್ಣಿನಲ್ಲಿ, ಅಕ್ಕಪಕ್ಕ ಐದೈದು ಗುಂಟೆಯ ಮೂರು ತಾಕು ಮಾಡಿ. ಒಂದರಲ್ಲಿ ಬರೀ ಗೋವಿನಜೋಳ, ಒಂದರಲ್ಲಿ ಬರೀ ಅಲಸಂದಿ, ಮೂರನೆಯದರಲ್ಲಿ ಎರಡೂ. ಒಂದು ತಾಕು ಎರಿ (ಕಪ್ಪು ಮಣ್ಣು), ಇನ್ನೊಂದು ಮಸಾರಿ (ಕೆಂಪು ಮಣ್ಣು) ಆದರೆ ನೀವು ಅಳೆಯುವುದು ಮಣ್ಣನ್ನು, ಬೆಳೆಯನ್ನಲ್ಲ. ರಸ್ತೆ ಪಕ್ಕದ ಹೊಲ ಸಿಕ್ಕರೆ ಒಳ್ಳೆಯದು, ಹೋಗಿಬರುವವರು ನೋಡುತ್ತಾರೆ. ರಾಣೇಬೆನ್ನೂರಿನ ಅಭಯಾರಣ್ಯದ ಸುತ್ತಲಿನ ಊರಾದರೆ ಚಿಗರಿ (ಕೃಷ್ಣಮೃಗ) ಹಿಂಡು ಅಲಸಂದಿಯ ಎಳೆ ಚಿಗುರಿಗೆ ಬರುತ್ತದೆ ಎಂಬುದು ನೆನಪಿರಲಿ.

ಅಲಸಂದಿಯನ್ನೇ ಯಾಕೆ ಅಂದರೆ ಬೇಗ ಬರುತ್ತದೆ, ಹೊಟ್ಟು ದನಕ್ಕಾಗುತ್ತದೆ, ಕಾಯಿ ಮನೆಗಾಗುತ್ತದೆ. ಆದರೆ ಗಿಡವಾಗಿ ನಿಲ್ಲುವ ತಳಿಯೇ ಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಸಿ-15 ಈ ಭಾಗದಲ್ಲಿ ಪರಿಚಿತ. ಬಳ್ಳಿ ಹಬ್ಬುವ ಅಲಸಂದಿ ಗೋವಿನಜೋಳದ ದಂಟಿಗೆ ಸುತ್ತಿ, ಗಾಳಿ ಬಂದಾಗ ಎರಡೂ ಒಟ್ಟಿಗೆ ನೆಲ ಹಿಡಿಯುತ್ತವೆ.

ಸಾಲಿನ ಅಳತೆ ಹೀಗೆ. ಬರೀ ಗೋವಿನಜೋಳಕ್ಕೆ ಸಾಲಿನಿಂದ ಸಾಲಿಗೆ 60 ಸೆಂಮೀ, ಗಿಡದಿಂದ ಗಿಡಕ್ಕೆ 20 ಸೆಂಮೀ. ಬರೀ ಅಲಸಂದಿಗೆ 45 ಮತ್ತು 10. ಮಿಶ್ರ ತಾಕಿನಲ್ಲಿ ಜೋಡಿ ಸಾಲು: ಗೋವಿನಜೋಳದ ಎರಡು ಸಾಲು 45 ಸೆಂಮೀ ಅಂತರದಲ್ಲಿ, ಮುಂದಿನ ಜೋಡಿಗೆ 75 ಸೆಂಮೀ ಬಿಟ್ಟು, ಆ 75ರ ನಡುಮಧ್ಯೆ ಅಲಸಂದಿಯ ಒಂದು ಸಾಲು. 45ಕ್ಕೆ 75 ಕೂಡಿಸಿದರೆ 120, ಅರ್ಧ ಮಾಡಿದರೆ ಅದೇ 60. ಹಾಗಾಗಿ ಗೋವಿನಜೋಳದ ಗಿಡ ಒಂದೂ ಕಡಿಮೆಯಾಗುವುದಿಲ್ಲ. "ಅಕ್ಕಡಿ ಹಾಕಿದ್ರ ಮುಖ್ಯ ಬೆಳಿ ಹೋಗತೈತಿ" ಅನ್ನುವವರಿಗೆ ಇದನ್ನು ನೆಲದ ಮೇಲೆ ಎಣಿಸಿ ತೋರಿಸಿ.

ಬೀಜ ಮತ್ತು ಬಿತ್ತನೆ

ಮಿರಗ (ಮೃಗಶಿರ) ಮಳೆಗೆ ವಾರ ಮೊದಲೇ ಮೊಳಕೆ ಪರೀಕ್ಷೆ ಮಾಡಿ. ಒದ್ದೆ ಗೋಣಿತಟ್ಟಿನ ಮೇಲೆ ನೂರು ಕಾಳು ಸಾಲಾಗಿ ಇಟ್ಟು, ಸುರುಳಿ ಸುತ್ತಿ, ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಿ ಏಳನೇ ದಿನ ಎಣಿಸಿ. ಮನೆಯಲ್ಲಿಟ್ಟ ಅಲಸಂದಿಗೆ ಇದು ಬೇಕೇ ಬೇಕು. ನುಸಿ ತಿಂದ ಕಾಳು ಮೇಲ್ನೋಟಕ್ಕೆ ಚೆಂದ ಕಂಡರೂ ಹುಟ್ಟುವುದಿಲ್ಲ. ನೂರಕ್ಕೆ ಎಂಬತ್ತೈದು ಹುಟ್ಟಬೇಕಾದಲ್ಲಿ ಎಪ್ಪತ್ತು ಹುಟ್ಟಿದರೆ, ಬೀಜವನ್ನು 85ರಿಂದ ಗುಣಿಸಿ 70ರಿಂದ ಭಾಗಿಸಿ ಹೆಚ್ಚಿಸಿಕೊಳ್ಳಿ.

ಐದು ಗುಂಟೆಗೆ ಗೋವಿನಜೋಳ 1 ಕೆಜಿ, ಕುಣಿಗೊಂದೇ ಕಾಳು. ತಪ್ಪಿದ ಕಡೆ ಊರಲು ಇನ್ನೂರು ಗ್ರಾಂ ಹೆಚ್ಚಿಗೆ ತೆಗೆದಿಡಿ. ಬರೀ ಅಲಸಂದಿಗೆ 1 ಕೆಜಿ 250 ಗ್ರಾಂ, ಮಿಶ್ರ ತಾಕಿಗೆ ಅರ್ಧ ಕೆಜಿ. ಕಂಪನಿಯ ಗೋವಿನಜೋಳದ ಬೀಜಕ್ಕೆ ಮೊದಲೇ ಔಷಧ ಲೇಪಿಸಿರುತ್ತದೆ. ಉಳಿದದ್ದನ್ನು ಕೋಳಿಗೂ ಹಾಕಬೇಡಿ. ಅಲಸಂದಿಗೆ ರೈಜೋಬಿಯಂ (ಬೇರಿನಲ್ಲಿ ಸಾರಜನಕ ಹಿಡಿದುಕೊಡುವ ಜೀವಾಣು) ಹಚ್ಚುವುದಾದರೆ ಬೆಲ್ಲದ ನೀರಿನಲ್ಲಿ ಕಲಸಿ ನೆರಳಲ್ಲಿ ಆರಿಸಿ. ಬಿಸಿಲಿಗೆ ಹಾಕಿದರೆ ಜೀವಾಣು ಸಾಯುತ್ತದೆ, ಹಚ್ಚಿದ್ದು ದಂಡ.

ಗೊಬ್ಬರಕ್ಕೆ ಮೊದಲು ಮಣ್ಣು ಪರೀಕ್ಷೆಯ ಚೀಟಿ ನೋಡಿ. ಇಲ್ಲದಿದ್ದರೆ ಮಳೆಯಾಶ್ರಿತ ಗೋವಿನಜೋಳಕ್ಕೆ ಹೆಕ್ಟೇರಿಗೆ 100:50:25ರ (ಸಾರಜನಕ, ರಂಜಕ, ಪೊಟ್ಯಾಷ್ ಕೆಜಿಯಲ್ಲಿ) ಲೆಕ್ಕ ಹಿಡಿಯಿರಿ. ಐದು ಗುಂಟೆಗೆ ಅದು ಡಿಎಪಿ 5.5 ಕೆಜಿ, ಯೂರಿಯಾ ಒಟ್ಟು ಸುಮಾರು 9 ಕೆಜಿ, ಪೊಟ್ಯಾಷ್ 2 ಕೆಜಿ ಆಗುತ್ತದೆ. ಡಿಎಪಿ, ಪೊಟ್ಯಾಷ್ ಪೂರ್ತಿ ಬಿತ್ತುವಾಗ. ಯೂರಿಯಾ ಮೂರು ಪಾಲು ಮಾಡಿ ಬಿತ್ತುವಾಗ, ಮೂವತ್ತನೇ ದಿನ, ಸೂಲಂಗಿಗೆ ಮುಂಚೆ. ಬರೀ ಅಲಸಂದಿಗೆ ಡಿಎಪಿ 5.5 ಕೆಜಿ ಹಾಕಿ ಸುಮ್ಮನಿರಿ. ಮೇಲುಗೊಬ್ಬರವಾಗಿ ಯೂರಿಯಾ ಎರಚಿದರೆ ಗಿಡ ಎಲೆಗೇ ಹೋಗಿ ಕಾಯಿ ಕಡಿಮೆಯಾಗುತ್ತದೆ. ಮಿಶ್ರ ತಾಕಿನಲ್ಲಿ ಯೂರಿಯಾವನ್ನು ಕೈಯಲ್ಲಿ ಹಿಡಿದು ಗೋವಿನಜೋಳದ ಬುಡದ ಸಾಲಿಗೇ ಬಿಡಿ.

ಕಳೆನಾಶಕದಲ್ಲಿ ಎಡವುವವರು ಬಹಳ. ಗೋವಿನಜೋಳಕ್ಕೆ ಎಲ್ಲರೂ ಹೊಡೆಯುವ ಅಟ್ರಾಜಿನ್ ಅಲಸಂದಿಯನ್ನು ಸುಡುತ್ತದೆ. ಆಮೇಲೆ ಹೊಡೆಯುವ ಟೆಂಬೊಟ್ರಿಯಾನ್ ಕೂಡ ಅಷ್ಟೇ. ಮಿಶ್ರ ತಾಕಿಗೆ ಬಿತ್ತಿದ ದಿನ ಅಥವಾ ಮರುದಿನ, ಮೊಳಕೆ ಬರುವ ಮೊದಲು, ಹಸಿ ಇರುವಾಗ ಪೆಂಡಿಮೆಥಾಲಿನ್ ನಡೆಯುತ್ತದೆ. ಇಲ್ಲವೇ ಸಾಲಿನ ನಡುವೆ ಹೊಡೆಯುವ ಎಡೆಕುಂಟಿ ಮತ್ತು ಕೈಯಿಂದ ಕಳೆ ತೆಗೆಯುವ ಕುರ್ಚಗಿ. ಪಂಪನ್ನೂ ನೋಡಿ: ನಿನ್ನೆ ಪಕ್ಕದ ಹೊಲಕ್ಕೆ ಅಟ್ರಾಜಿನ್ ಹೊಡೆದ ಪಂಪನ್ನು ತೊಳೆಯದೆ ತಂದರೂ ಅಲಸಂದಿ ಹಳದಿಯಾಗುತ್ತದೆ.

6 ಮೀಟರ್ 75ರ ಹಗ್ಗ

ಈ ಇಡೀ ತರಬೇತಿಯಲ್ಲಿ ರೈತರು ಮನೆಗೆ ಒಯ್ಯಬೇಕಾದ ಸಾಧನ ಒಂದೇ, 6 ಮೀಟರ್ 75 ಸೆಂಟಿಮೀಟರ್ ಉದ್ದದ ಹಗ್ಗ. 60 ಸೆಂಮೀ ಸಾಲಿನ ಮೇಲೆ ಈ ಹಗ್ಗ ಹಾಸಿದರೆ ಅದು ಆಕ್ರಮಿಸುವ ಜಾಗ ಎಕರೆಯ ಸಾವಿರದಲ್ಲಿ ಒಂದು ಪಾಲು. ಹಗ್ಗದ ಉದ್ದಕ್ಕೆ ಎಷ್ಟು ಗಿಡ ಇವೆಯೋ ಎಣಿಸಿ, ಮುಂದೆ ಸಾವಿರ ಸೇರಿಸಿ. 33 ಗಿಡ ಇದ್ದರೆ ಎಕರೆಗೆ 33 ಸಾವಿರ. ಗುಣಾಕಾರ, ಕ್ಯಾಲ್ಕುಲೇಟರ್ ಏನೂ ಬೇಡ.

ಸಾಲು ನಿಜಕ್ಕೂ 60 ಇದೆಯೇ ಎಂದು ಮೊದಲು ನೋಡಬೇಕು. ಒಂದನೇ ಸಾಲಿನಿಂದ ಹನ್ನೊಂದನೇ ಸಾಲಿನವರೆಗೆ ಅಡ್ಡ ಅಳೆದು ಹತ್ತರಿಂದ ಭಾಗಿಸಿ. 6 ಮೀಟರ್ ಬಂದರೆ ಸರಿ. 6.6 ಬಂದರೆ ಸಾಲು 66 ಸೆಂಮೀ, ಹಗ್ಗ 6.13 ಮೀಟರ್ ಇರಬೇಕು. 4.047ನ್ನು ಸಾಲಿನ ಅಂತರದಿಂದ (ಮೀಟರಿನಲ್ಲಿ) ಭಾಗಿಸಿದರೆ ಹಗ್ಗದ ಉದ್ದ ಸಿಗುತ್ತದೆ.

ಬಿತ್ತಿದ ಹನ್ನೆರಡನೇ ದಿನ ಹೊಲದ ಐದು ಕಡೆ ಹಗ್ಗ ಹಾಸಿ. 33–34 ಇರಬೇಕಾದಲ್ಲಿ 24 ಬಂದರೆ ಕಾರಣ ಹುಡುಕಿಸಿ. ಉತ್ತರ ನೀವು ಹೇಳಬೇಡಿ, ಕೈಯಿಂದ ಮಣ್ಣು ಕೆದಕಲಿ. ಕಾಳು ಕೊಳೆತಿದ್ದರೆ ನೀರು ನಿಂತಿದೆ, ಎರಿ ಹೊಲದಲ್ಲಿ ಇದೇ ಹೆಚ್ಚು. ಕಾಳೇ ಇಲ್ಲದಿದ್ದರೆ ಹಕ್ಕಿಯೋ ಇಲಿಯೋ. ಮೊಳಕೆ ಬಿಳಿಯಾಗಿ ಒಳಗೇ ಸುತ್ತಿಕೊಂಡಿದ್ದರೆ ಆಳಕ್ಕೆ ಬಿದ್ದಿದೆ ಅಥವಾ ಮೇಲಿನ ಮಣ್ಣು ಹೆಪ್ಪುಗಟ್ಟಿದೆ. 4–5 ಸೆಂಮೀ ಆಳ ಸಾಕು. ತಪ್ಪಿದ ಕಡೆ ಊರುವುದಿದ್ದರೆ ಈ ಹನ್ನೆರಡು ದಿನದೊಳಗೆ ಆಗಿರಬೇಕು. ಹದಿನೈದು ದಿನ ಕಳೆದು ಊರಿದ ಗಿಡ ಅಕ್ಕಪಕ್ಕದ ನೆರಳಿನಲ್ಲಿ ಬೆಳೆದು ದಂಟಾಗುತ್ತದೆ, ತೆನೆ ಕಟ್ಟುವುದಿಲ್ಲ.

ಸೈನಿಕ ಹುಳುವನ್ನೂ ಎಣಿಸಬೇಕು

ಗೋವಿನಜೋಳದ ಸುಳಿ ತಿನ್ನುವ ಈ ಹುಳು 2018ರಲ್ಲಿ ಈ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲೇ. ಅಂದಿನಿಂದ ಹುಳು ಕಂಡರೂ ಕಾಣದಿದ್ದರೂ ಔಷಧ ಹೊಡೆಯುವುದು ರೂಢಿಯಾಗಿದೆ. ಅದರ ಬದಲು ಹೊಲದಲ್ಲಿ ಇಂಗ್ಲಿಷಿನ ಡಬ್ಲ್ಯೂ ಆಕಾರದಲ್ಲಿ ನಡೆದು ಐದು ಕಡೆ ನಿಂತು, ಒಂದೊಂದು ಕಡೆ ಇಪ್ಪತ್ತು ಗಿಡದ ಸುಳಿ ನೋಡಿ. ಒಟ್ಟು ನೂರು ಗಿಡ, ಕೆಟ್ಟದ್ದೆಷ್ಟೋ ಅಷ್ಟೇ ಪ್ರತಿಶತ. ಎಲೆಯಲ್ಲಿ ಕಿಟಕಿಯಂಥ ಪಾರದರ್ಶಕ ಕಲೆ, ಸುಳಿಯಲ್ಲಿ ಒದ್ದೆ ಗರಗಸದ ಹೊಟ್ಟಿನಂಥ ಹಿಕ್ಕೆ ಇದರ ಗುರುತು. ಹುಳು ಹಿಡಿದರೆ ತಲೆಯ ಮೇಲೆ ತಲೆಕೆಳಗಾದ ವೈ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ.

ಸಣ್ಣ ಗಿಡದಲ್ಲಿ ನೂರಕ್ಕೆ ಐದು ದಾಟಿದರೆ ಮೊದಲು ಬೇವಿನ ಔಷಧ (1500 ಪಿಪಿಎಂ, ಲೀಟರಿಗೆ 5 ಮಿಲೀ). ಹತ್ತು ದಾಟಿ ಹುಳು ದಪ್ಪವಾಗಿದ್ದರೆ ಇಮಾಮೆಕ್ಟಿನ್ ಬೆಂಜೋಯೇಟ್ ಲೀಟರಿಗೆ 0.4 ಗ್ರಾಂ, ಸಂಜೆ ಹೊತ್ತು, ನಾಜಲ್ ಸುಳಿಯೊಳಗೆ ಇಳಿಸಿ. ಎಲೆಯ ಮೇಲೆ ಹೊಡೆದದ್ದು ಹುಳಕ್ಕೆ ತಾಗುವುದೇ ಇಲ್ಲ. ಮಿಶ್ರ ತಾಕಿನಲ್ಲಿ ಹಸಿ ಅಲಸಂದಿ ಕಾಯಿ ಪಲ್ಯಕ್ಕೆ ಹೋಗುತ್ತಿದ್ದರೆ ಔಷಧ ಹೊಡೆಯುವ ಮೊದಲೇ ಬಿಡಿಸಿಕೊಳ್ಳಿ. ಹೊಡೆದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಯಿ ಮುಟ್ಟಬೇಡಿ.

ಅಲಸಂದಿಯ ತೂಕ ತಪ್ಪುವುದು ಎಲ್ಲಿ

ಅಲಸಂದಿ ಒಂದೇ ಸಲಕ್ಕೆ ಒಣಗುವುದಿಲ್ಲ, ಎರಡು ಮೂರು ಸಲ ಬಿಡಿಸಬೇಕು. ಮೊದಲ ಸಲ ಬಿಡಿಸಿದ್ದನ್ನು ಯಾರೋ ಮನೆಗೆ ಒಯ್ದು ಉಸುಳಿ ಮಾಡಿದರೆ ಲೆಕ್ಕ ಅಲ್ಲಿಗೆ ಮುಗಿಯಿತು. ಬೇಡ ಅನ್ನಲಾಗದು, ಒಯ್ಯಲಿ. ತೂಗಿ ವಹಿಯಲ್ಲಿ ಬರೆದು ಒಯ್ಯಲಿ. ಹಸಿ ಕಾಯಿಯ ತೂಕವನ್ನು ಒಣ ಕಾಳಿನ ಸಾಲಿನಲ್ಲಿ ಬರೆಯಬೇಡಿ, ಬೇರೆ ಸಾಲು ಮಾಡಿ. ಒಣ ಕಾಯಿಯನ್ನು ಬೆಳಿಗ್ಗೆ ಇಬ್ಬನಿ ಇರುವಾಗ ಬಿಡಿಸಿ. ಮಧ್ಯಾಹ್ನ ಮುಟ್ಟಿದರೆ ಕಾಯಿ ಒಡೆದು ಕಾಳು ನೆಲಕ್ಕೆ ಬೀಳುತ್ತದೆ, ನೆಲಕ್ಕೆ ಬಿದ್ದದ್ದು ತಕ್ಕಡಿಗೆ ಬರುವುದಿಲ್ಲ.

ಕೊಯ್ಲಿನ ತಾಕು

ಬೆಳೆ ವಿಮೆಗೆ ಸರ್ಕಾರದ ಬೆಳೆ ಕಟಾವು ಪ್ರಯೋಗದಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕು ಹಾಕುವುದನ್ನು ಹಲವರು ನೋಡಿರುತ್ತಾರೆ. ನಮ್ಮ ಜೋಡಿ ಸಾಲಿಗೆ ಅದು ಹೊಂದುವುದಿಲ್ಲ. 5 ಮೀಟರಿನಲ್ಲಿ ನಾಲ್ಕು ಜೋಡಿ ಹಿಡಿದು ಇನ್ನೂ ಇಪ್ಪತ್ತು ಸೆಂಮೀ ಉಳಿಯುತ್ತದೆ. ಹಗ್ಗ ಎಲ್ಲಿ ಬಿತ್ತು ಅನ್ನುವುದರ ಮೇಲೆ ಒಂದು ಸಾಲು ಹೆಚ್ಚೋ ಕಡಿಮೆಯೋ ಆಗುತ್ತದೆ. ಆದ್ದರಿಂದ ಗೋವಿನಜೋಳಕ್ಕೆ ಮತ್ತು ಮಿಶ್ರಕ್ಕೆ ಸಾಲಿಗೆ ಅಡ್ಡವಾಗಿ 4.8 ಮೀಟರ್, ಸಾಲಿನ ಉದ್ದಕ್ಕೆ 5.2 ಮೀಟರ್ ಇಡಿ. ಬರೀ ಅಲಸಂದಿಗೆ 4.5 ಮತ್ತು 5.55. ಮೂರೂ ಹೆಚ್ಚುಕಡಿಮೆ 25 ಚದರ ಮೀಟರೇ, ಎಕರೆಗೆ ತರಲು 162ರಿಂದ ಗುಣಿಸಿದರೆ ಆಯಿತು. ಮಿಶ್ರ ತಾಕಿನಲ್ಲಿ ಹಗ್ಗ ಒಂದು ಜೋಡಿಯ 45 ಸೆಂಮೀ ನಡುವಿನಿಂದ ಶುರುವಾಗಲಿ, ಆಗ ಗೋವಿನಜೋಳದ ಎಂಟು ಸಾಲು, ಅಲಸಂದಿಯ ನಾಲ್ಕು ಸಾಲು ಪೂರ್ತಿ ಒಳಗೆ ಬರುತ್ತವೆ. ಮೂಲೆಯಿಂದ ಮೂಲೆಗೆ 7.08 ಮೀಟರ್ (ಬರೀ ಅಲಸಂದಿಯ ತಾಕಿನಲ್ಲಿ 7.15) ಬಂದರೆ ತಾಕು ಚೊಕ್ಕ. ಮಿಶ್ರದಲ್ಲಿ ಈ ಗೂಟಗಳನ್ನು ಅಲಸಂದಿ ಬಿಡಿಸುವ ಮೊದಲೇ ಹೊಡೆದಿರಬೇಕು, ಎರಡೂ ಬೆಳೆಗೆ ಜಾಗ ಒಂದೇ ಇರಲಿ.

ಜಾಗ ಆರಿಸುವುದನ್ನು ಹೊಲದ ಯಜಮಾನರಿಗೆ ಬಿಡಬೇಡಿ, ನೀವೂ ಆರಿಸಬೇಡಿ. ಇಬ್ಬರ ಕಣ್ಣೂ ಒಳ್ಳೆಯ ತೆನೆ ಇರುವ ಕಡೆಗೇ ಹೋಗುತ್ತದೆ. ಉದ್ದಕ್ಕೆಷ್ಟು ಹೆಜ್ಜೆ, ಅಡ್ಡಕ್ಕೆಷ್ಟು ಹೆಜ್ಜೆ ಎಣಿಸಿ, ಬದುವಿನ ಎರಡು ಮೀಟರ್ ಬಿಟ್ಟು, ಅಷ್ಟು ಅಂಕಿಯ ಚೀಟಿ ಮಾಡಿ ಒಂದು ಮಗುವಿನ ಕೈಯಿಂದ ಎತ್ತಿಸಿ. ಬಂದ ಹೆಜ್ಜೆಗೆ ಮೊದಲ ಗೂಟ. ಅಲ್ಲಿ ಹಂದಿ ತಿಂದಿದ್ದರೂ ಅದೇ ತಾಕು.

ಮುರಿಯುವ ಮೊದಲು ಕಾಳು ಬಲಿತಿದೆಯೇ ನೋಡಿ. ತೆನೆಯ ನಡುವಿನ ಒಂದು ಕಾಳು ಕಿತ್ತು, ದಿಂಡಿಗೆ ಅಂಟಿದ ತುದಿಯನ್ನು ಉಗುರಿನಿಂದ ಕೆರೆಯಿರಿ. ಕಪ್ಪು ಪದರ ಕಂಡರೆ ಬಲಿತಿದೆ. ಮೊದಲೇ ಮುರಿದರೆ ಕಾಳು ಸುಕ್ಕಾಗಿ ತೂಕ ಬೀಳುತ್ತದೆ.

ಈಗ ಒಂದು ತಾಕಿನ ಲೆಕ್ಕವನ್ನು ಪೂರ್ತಿ ಮಾಡೋಣ. ರವದಿ (ತೆನೆಯ ಸಿಪ್ಪೆ) ಸುಲಿದ 160 ತೆನೆ, ಚೀಲದ ತೂಕ ಕಳೆದು 19.2 ಕೆಜಿ ಎಂದಿಟ್ಟುಕೊಳ್ಳಿ. ರಾಶಿಯಿಂದ ಕಣ್ಣು ಮುಚ್ಚಿ 20 ತೆನೆ ತೆಗೆದು ತೂಗಿದರೆ 2.4 ಕೆಜಿ, ಬಿಡಿಸಿದ ಕಾಳು 1.8 ಕೆಜಿ. ಅಂದರೆ ನೂರಕ್ಕೆ 75 ಕಾಳು, ಉಳಿದದ್ದು ದಿಂಡು. 19.2ರ ಮುಕ್ಕಾಲು 14.4 ಕೆಜಿ ಕಾಳು, 162ರಿಂದ ಗುಣಿಸಿದರೆ 2333 ಕೆಜಿ, ಎಕರೆಗೆ 23 ಕ್ವಿಂಟಲ್ ಮೇಲೆ. ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಆದರೆ ಆ ಕಾಳಿನ ತೇವಾಂಶ 24 ಇತ್ತು ಅನ್ನಿ. ಖರೀದಿಗೆ ಕೇಳುವುದು 14. 100ರಲ್ಲಿ 24 ಕಳೆದರೆ 76 ಒಣ ಭಾಗ, 100ರಲ್ಲಿ 14 ಕಳೆದರೆ 86. 14.4ನ್ನು 76ರಿಂದ ಗುಣಿಸಿ 86ರಿಂದ ಭಾಗಿಸಿ: 12.7 ಕೆಜಿ. ಎಕರೆಗೆ 20.6 ಕ್ವಿಂಟಲ್. ಎರಡೂ ಮುಕ್ಕಾಲು ಕ್ವಿಂಟಲಿನಷ್ಟು ನೀರು. ದಲಾಲಿ ಅಂಗಡಿಯಲ್ಲಿ "ಹಸಿ ಐತಿ" ಅಂತ ತೂಕ ಮುರಿದಾಗ ಎಷ್ಟು ಮುರಿದದ್ದು ನ್ಯಾಯ, ಎಷ್ಟು ಹೆಚ್ಚು ಅನ್ನುವುದು ಈ ಲೆಕ್ಕ ಬಲ್ಲವರಿಗೆ ಮಾತ್ರ ಗೊತ್ತಾಗುತ್ತದೆ.

ತೇವಾಂಶದ ಯಂತ್ರ ಇಲ್ಲದಿದ್ದರೆ ಬಿಡಿಸಿದ ಕಾಳನ್ನು ಆಗಿಂದಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಯಂತ್ರ ಇರುವಲ್ಲಿಗೆ ಅಂದೇ ಒಯ್ಯಿರಿ. ಹನುಮನಮಟ್ಟಿ, ಹುಲಕೋಟಿ ಅಥವಾ ಧಾರವಾಡದ ಕೃಷಿ ವಿಜ್ಞಾನ ಕೇಂದ್ರ ಹತ್ತಿರವಿದ್ದರೆ ಅಲ್ಲಿ ವಿಚಾರಿಸಿ. ಯಂತ್ರದಲ್ಲಿ ಗೋವಿನಜೋಳದ ಗುಂಡಿಯನ್ನೇ ಒತ್ತಿದ್ದಾರೆಯೇ ನೋಡಿ, ಬೇರೆ ಕಾಳಿನ ಗುಂಡಿ ಒತ್ತಿದರೆ ಅಂಕಿ ತಪ್ಪು. ಮನೆಯಲ್ಲಿ ಒಣಗಿಸುವಾಗ ಸಾಕೋ ಬೇಕೋ ತಿಳಿಯಲು ಉಪ್ಪಿನ ಬಾಟಲಿ ಇದೆ: ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಕಾಲುಭಾಗ ಕಾಳು, ಹೆಂಚಿನ ಮೇಲೆ ಹುರಿದು ಆರಿಸಿದ ಪುಡಿ ಉಪ್ಪು ಒಂದೆರಡು ಚಮಚ. ಮುಚ್ಚಿ ಒಂದು ನಿಮಿಷ ಅಲ್ಲಾಡಿಸಿ, ಹದಿನೈದು ನಿಮಿಷ ಇಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ 15ಕ್ಕಿಂತ ಹೆಚ್ಚು, ಇನ್ನೂ ಬಿಸಿಲು ಬೇಕು. ಉದುರಿ ಕೆಳಗೆ ಬಿದ್ದರೆ ಚೀಲ ಕಟ್ಟಬಹುದು. ಹಿಂಗಾರಿ ಮಳೆಗೆ ಸಿಕ್ಕಿ ರಾಶಿಯಲ್ಲೇ ಬಿಸಿಯಾದ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ದನಕ್ಕೂ ಹಾಕಬಾರದು.

ತೆನೆ ಮುರಿಯುವ ಮೊದಲು ಅಂದಾಜು ಬೇಕಾದರೆ ಅದೇ 6.75ರ ಹಗ್ಗ ಸಾಕು. ಹಗ್ಗದೊಳಗಿನ ತೆನೆ 26, ತೆನೆಗೆ 14 ಸಾಲು, ಸಾಲಿಗೆ 26 ಕಾಳು ಅಂದರೆ 9464 ಕಾಳು. ಸಾವಿರ ಕಾಳಿಗೆ 250 ಗ್ರಾಂ ಹಿಡಿದರೆ 2.37 ಕೆಜಿ, ಎಕರೆಗೆ 23.7 ಕ್ವಿಂಟಲ್. ತೂಕದ ಲೆಕ್ಕಕ್ಕಿಂತ ಇದು ಹೆಚ್ಚಿಗೆ ಬರುವುದು ಸಾಮಾನ್ಯ, ಯಾಕೆಂದರೆ ಎಣಿಸಲು ನಾವು ಒಳ್ಳೆಯ ತೆನೆಯನ್ನೇ ಸುಲಿಯುತ್ತೇವೆ. ಐದನೇ, ಹತ್ತನೇ, ಹದಿನೈದನೇ ತೆನೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಅಂತರ ಇಳಿಯುತ್ತದೆ.

ಮೂರು ತಾಕನ್ನು ತೂಗಿ ನೋಡುವುದು

ಮಿಶ್ರ ತಾಕಿನ ಇಳುವರಿಯನ್ನು "ಅರ್ಧ ಎಕರೆ ಗೊಂಜಾಳ, ಅರ್ಧ ಎಕರೆ ಅಲಸಂದಿ" ಎಂದು ಒಡೆಯಬೇಡಿ. ಎರಡಕ್ಕೂ ಪೂರ್ತಿ ಜಾಗವೇ ಲೆಕ್ಕ. ಬರೀ ಗೋವಿನಜೋಳ 20.6 ಕ್ವಿಂಟಲ್, ಮಿಶ್ರದಲ್ಲಿ 17.5 ಬಂದರೆ ಭಾಗಿಸಿ: 0.85. ಬರೀ ಅಲಸಂದಿ 4, ಮಿಶ್ರದಲ್ಲಿ 1.4 ಬಂದರೆ 0.35. ಕೂಡಿಸಿದರೆ 1.20. ಇದನ್ನು ದಶಮಾಂಶದಲ್ಲಿ ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ; 40ರಿಂದ ಗುಣಿಸಿ ಹೇಳಿ. ಬೇರೆ ಬೇರೆ ಬಿತ್ತಿದ್ದರೆ 48 ಗುಂಟೆ ಬೇಕಾಗಿದ್ದ ಬೆಳೆ 40 ಗುಂಟೆಯಲ್ಲಿ ಬಂತು, ಎಂಟು ಗುಂಟೆ ಉಳಿಯಿತು. ಲೆಕ್ಕ 40ಕ್ಕಿಂತ ಕೆಳಗೆ ಬಂದರೆ ಅದನ್ನೂ ಅಷ್ಟೇ ಜೋರಾಗಿ ಓದಿ ಹೇಳಿ, ಅಕ್ಕಡಿ ಆ ಹೊಲಕ್ಕೆ ಆ ವರ್ಷ ಹೊಂದಲಿಲ್ಲ. ಆಮೇಲೆ ಅಂದಿನ ಪೇಟೆ ದರ, ಅಲಸಂದಿ ಬಿಡಿಸಿದ ಕೂಲಿ ಹಾಕಿ ರೂಪಾಯಿಗೆ ತನ್ನಿ. ಬಿಡಿಸುವ ಕೂಲಿ ಮರೆತರೆ ಅಕ್ಕಡಿ ಯಾವಾಗಲೂ ಗೆಲ್ಲುತ್ತದೆ.

ಕೊನೆಗೆ ಐದು ಗುಂಟೆಯ ಉಳಿದ ಬೆಳೆಯನ್ನೂ ರಾಶಿ ಮಾಡಿ ಪೂರ್ತಿ ತೂಗಿ. 25 ಚದರ ಮೀಟರಿನ ತೂಕವನ್ನು 20ರಿಂದ ಗುಣಿಸಿದ್ದಕ್ಕೂ, ತಾಕಿನ ಕಾಳೂ ಸೇರಿಸಿ ಕಣದಲ್ಲಿ ನಿಜಕ್ಕೂ ಬಂದದ್ದಕ್ಕೂ ಇರುವ ಅಂತರವನ್ನು ವಹಿಯಲ್ಲಿ ಬರೆಯಿರಿ. ಕಣದ್ದು ಕಡಿಮೆ ಬಂದರೆ ಮೊದಲು ಹೊಲಕ್ಕೆ ಹೋಗಿ ಮುರಿಯದೆ ಉಳಿದ ತೆನೆ ಹುಡುಕಿ, ಆಮೇಲೆ ರಾಶಿ ಯಂತ್ರದ ಹಿಂದೆ ಬಿದ್ದ ರವದಿ, ದಿಂಡಿನಲ್ಲಿ ಎಷ್ಟು ಕಾಳು ಹೋಗಿದೆ ನೋಡಿ. ಹಗ್ಗವನ್ನು ಮಣ್ಣು ತೊಳೆದು ಒಣಗಿಸಿ ಇಡಿ; ಮುಂದಿನ ಮಿರಗಕ್ಕೆ ತೆಗೆದಾಗ ಟೇಪಿನ ಪಕ್ಕ ಹಾಸಿ ನೋಡಿ, ಎಳೆದೆಳೆದು ನೈಲಾನ್ ಉದ್ದವಾಗಿದ್ದರೆ ಗಂಟು ಬಿಚ್ಚಿ ಹೊಸದಾಗಿ ಹಾಕಿ.